ಜೀರ್ಣೋದ್ಧಾರವೂ ಸತ್ಯವೂ

ದೇಶಾಟನವು ವಿದ್ಯೆಯ ಒಂದು ಅಂಗವೆಂದು ಹಿರಿಯರು ಎಣಿಸಿದ್ದರು. ಪರಸ್ಥಳಕ್ಕೆ ಹೋದವನು ಅಲ್ಲಿಯ ಹಳೆಯ ಅರಮನೆಗಳನ್ನೂ ದೇವಾಲಯಗಳನ್ನೂ ಪೇಟೆಬೀದಿಗಳನ್ನೂ ನೋಡಬಯಸುವುದು ಸಹಜವೇ ಆಗಿದೆ. ಪುರಾತನವಾದ ಕಟ್ಟಡದ ಮುಂದೆ ನಿಂತವನ ಮನಸ್ಸಿನಲ್ಲಿ ಒಂದು ನಂಬಿಕೆ ಮಾತಿಲ್ಲದೆಯೇ ನೆಲೆಸಿರುತ್ತದೆ. ಎಷ್ಟೋ ತಲೆಮಾರುಗಳ ಹಿಂದಿನವರು ಮುಟ್ಟಿದ ಕಲ್ಲನ್ನೇ ತಾನೂ ಮುಟ್ಟುತ್ತಿರುವೆನೆಂಬುದೇ ಆ ನಂಬಿಕೆ. ಆ ಕಲ್ಲು ಈಚೆಗೆ ಇಟ್ಟದ್ದೆಂದು ಯಾರಾದರೂ ತಿಳಿಸಿದರೆ ಅವನ ಮುಖ ಬಾಡುತ್ತದೆ. ತಾನು ಮೋಸಹೋದೆನೆಂದು ಅವನು ಭಾವಿಸುತ್ತಾನೆ. ಈ ಭಾವನೆ ಯುಕ್ತವೆ? ಹಾಳಾದುದನ್ನು ಇದ್ದಹಾಗೆಯೇ ಮರಳಿ ಕಟ್ಟಿ ಹಿಂದಿನ ಹೆಸರಿನಿಂದಲೇ ಕರೆಯುವುದು ಸತ್ಯಕ್ಕೆ ಒಪ್ಪುವ ಮಾತೆ? ಯೂರೋಪು ಖಂಡದ ರಾಜಧಾನಿಗಳಲ್ಲಿ ಪೋಲೆಂಡು ದೇಶದ ವಾರ್ಸಾ ನಗರವು ಈ ಪ್ರಶ್ನೆಯನ್ನು ನೋಡುವವನ ಮುಂದೆ ಬಹು ತೀಕ್ಷ್ಣವಾಗಿ ಇಡುತ್ತದೆ.

ವಿಸ್ತುಲಾ ನದಿಯ ಎಡದಂಡೆಯ ದಿಬ್ಬದ ಮೇಲೆ ಆ ನಗರದ ಅರಮನೆಯ ಚೌಕವಿದೆ. ಚೌಕದ ನಡುವೆ ಸುಮಾರು 22 ಮೀಟರು ಎತ್ತರದ ಕಂಬವೊಂದು ನಿಂತಿದೆ. ಅದರ ತುದಿಯಲ್ಲಿ ಶಿಲುಬೆಯನ್ನೂ ಕತ್ತಿಯನ್ನೂ ಹಿಡಿದ ಮೂರನೆಯ ಸಿಗಿಸ್ಮಂಡ್ ದೊರೆಯ ಕಂಚಿನ ಪ್ರತಿಮೆಯುಂಟು. ಕ್ರಾಕೋವ್ ನಗರದಲ್ಲಿದ್ದ ರಾಜಪೀಠವನ್ನು ವಾರ್ಸಾಕ್ಕೆ ತಂದವನು ಆತನೇ. ಅವನ ಮಗನು 1644ರಲ್ಲಿ ಈ ಕಂಬವನ್ನು ನಿಲ್ಲಿಸಿದನು. ಚೌಕದ ಒಂದು ಪಕ್ಕದಲ್ಲಿ ಗಡಿಯಾರದ ಗೋಪುರವುಳ್ಳ ಅರಮನೆ. ಅಲ್ಲಿಂದ ಕಿರುಬೀದಿಗಳಲ್ಲಿ ನಡೆದು ಹೋದರೆ ಹಳೆಯ ಪೇಟೆಚೌಕ ಸಿಕ್ಕುತ್ತದೆ. ಅದರ ನಾಲ್ಕು ದಿಕ್ಕಿನಲ್ಲಿಯೂ ಹಳದಿ, ಕಾವಿ, ತಿಳಿಹಸುರು ಬಣ್ಣಗಳ, ಅಗಲ ಕಿರಿದಾಗಿ ಎತ್ತರ ಹಿರಿದಾದ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ನಡುವೆ ಕತ್ತಿ ಗುರಾಣಿಗಳನ್ನು ಹಿಡಿದ ಮತ್ಸ್ಯಕನ್ಯೆಯ ಪ್ರತಿಮೆ; ಅವಳೇ ಆ ನಗರದ ಲಾಂಛನ. ಬೇಸಗೆಯಲ್ಲಿ ಅಲ್ಲಿ ಚಿತ್ರ ಮಾರುವವರೂ ವಾದ್ಯ ನುಡಿಸುವವರೂ ಬಯಲಿನಲ್ಲಿ ಕುಳಿತು ಕಾಫಿ ಕುಡಿಯುವವರೂ ನೆರೆದು, ಆ ಚೌಕ ಜಾತ್ರೆಯ ಬಯಲಿನಂತೆ ಕಳಕಳಿಸುತ್ತದೆ.

ಅರಮನೆಯ ಚೌಕದಿಂದ ದಕ್ಷಿಣಕ್ಕೆ ಹೊರಟ ರಾಜಮಾರ್ಗದಲ್ಲಿ ಇಗರ್ಜಿಗಳೂ ವಿಶ್ವವಿದ್ಯಾನಿಲಯವೂ ಖಗೋಲಜ್ಞನಾದ ಕೋಪರ್ನಿಕಸನ ಪ್ರತಿಮೆಯೂ ಇವೆ. ಅಲ್ಲಿಯ ಪವಿತ್ರ ಶಿಲುಬೆಯ ಇಗರ್ಜಿಯ ಕಂಬವೊಂದರೊಳಗೆ, 1849ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ ಸಂಗೀತಗಾರ ಷೋಪಾನನ ಹೃದಯವನ್ನು ಇಟ್ಟಿದ್ದಾರೆ. ದೇಹ ಪರದೇಶದ ಮಣ್ಣಿನಲ್ಲಿ ಉಳಿಯಿತು. ಹೃದಯವನ್ನು ಅವನ ಅಕ್ಕ ತಾಯ್ನಾಡಿಗೆ ತಂದಳು. ಇನ್ನೂ ಮುಂದೆ ಹೋದರೆ ವಾಜೆಂಕಿ ಉದ್ಯಾನವೂ ಅದರ ಕೊಳದ ನಡುವಿನ ಅರಮನೆಯೂ ಸಿಕ್ಕುತ್ತವೆ. ಬೇಸಗೆಯ ಭಾನುವಾರಗಳಂದು ಆ ಉದ್ಯಾನದ ಹುಲ್ಲಿನ ಮೇಲೆ ಜನರು ಕುಳಿತು ಷೋಪಾನನ ಕೃತಿಗಳನ್ನು ಪಿಯಾನೋ ವಾದ್ಯದಲ್ಲಿ ಕೇಳುವ ವಾಡಿಕೆ 1959ರಿಂದ ನಡೆದುಬಂದಿದೆ.

ಇಷ್ಟನ್ನೂ ನೋಡಿ ಸಂತುಷ್ಟನಾದ ಯಾತ್ರಿಕನಿಗೆ ದಾರಿ ತೋರಿಸುವವನು ಮುಂದೆ ಹೇಳುವ ಮಾತು ಸಿಡಿಲಿನಂತೆ ಎರಗುತ್ತದೆ. ಆ ಪೇಟೆಚೌಕದ ಮನೆಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಕಟ್ಟಿದವುಗಳು. 1939ರ ಸೆಪ್ಟೆಂಬರಿನಲ್ಲಿ ಜರ್ಮನರ ಬಾಂಬುಗಳಿಂದ ಅರಮನೆ ಹೊತ್ತಿ ಉರಿಯಿತು. 1944ರ ಆಗಸ್ಟ್ 1ರಂದು ನಗರದವರು ಆಕ್ರಮಣಕಾರರ ಮೇಲೆ ದಂಗೆಯೆದ್ದು, 63 ದಿನ ಹೋರಾಡಿ ಸೋತರು. ಆ ದಿನಗಳಲ್ಲಿ ಮಡಿದ ನಿಶ್ಶಸ್ತ್ರ ಪ್ರಜೆಗಳನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷದವರೆಗೆ ಸಾಮಾನ್ಯವಾಗಿ ಎಣಿಸುತ್ತಾರೆ. ಅಳಿದುಳಿದ ಜನರನ್ನು ಹೊರಕ್ಕಟ್ಟಿದ ಮೇಲೆ ಜರ್ಮನರ ಪಡೆಗಳು ಬರಿದಾದ ಊರನ್ನು ಬೀದಿಬೀದಿಯಾಗಿ ಸುಟ್ಟು, ಸಿಡಿಮದ್ದಿಟ್ಟು ಕೆಡವಿದವು. ಅದರಿಂದ ಯುದ್ಧಕ್ಕೆ ಬಂದ ಲಾಭ ಏನೂ ಇರಲಿಲ್ಲ. ಒಂದು ಜನಾಂಗಕ್ಕೆ ತಾನು ಯಾರೆಂಬುದೇ ಮರೆತುಹೋಗಬೇಕೆಂಬುದು ಅಲ್ಲಿಯ ಉದ್ದೇಶ. ನಗರದ ಪುರಾತನ ಭಾಗದಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ನೆಲಸಮವಾಯಿತು.

ಈ ಬೂದಿಯ ರಾಶಿಯನ್ನು ಹಾಗೆಯೇ ಸ್ಮಾರಕವಾಗಿ ಬಿಟ್ಟು ರಾಜಧಾನಿಯನ್ನು ಬೇರೆಡೆಗೆ ಒಯ್ಯುವುದೇ ಮೇಲೆಂದು ಸೂಚಿಸಿದವರೂ ಇದ್ದರು. ಆದರೆ 1945ರಲ್ಲಿಯೇ ಮರಳಿ ಕಟ್ಟುವ ನಿರ್ಧಾರವಾಗಿ, ಅದಕ್ಕೆಂದೇ ಒಂದು ಕಾರ್ಯಾಲಯ ಏರ್ಪಟ್ಟಿತು. ಪೇಟೆಚೌಕವು 1953ರ ಜುಲೈ 22ರಂದು ಮತ್ತೆ ಜನರಿಗೆ ತೆರೆಯಿತು. ಅರಮನೆಯನ್ನು ಕಟ್ಟುವ ನಿರ್ಣಯ 1971ರಲ್ಲಿ ಆಗಿ, ಜನರು ಕೊಟ್ಟ ಕಾಣಿಕೆಯ ಹಣದಿಂದ ಕೆಲಸ ನಡೆದು, 1984ರಲ್ಲಿ ಅದರ ಬಾಗಿಲು ತೆರೆಯಿತು. ಹೀಗೆ ಯಾತ್ರಿಕನು ಹದಿನೇಳನೆಯ ಶತಮಾನದ್ದೆಂದು ತಿಳಿದು ಕೈಯಿಟ್ಟ ಗೋಡೆ ಅವನ ಅಜ್ಜನಿಗಿಂತಲೂ ಕಿರಿಯದಾಗಿರಬಹುದು.

ಹಾಗಾದರೆ ಅವನು ಮೋಸಹೋದನೆ? ಹೌದೆನ್ನುವ ಪಕ್ಷಕ್ಕೆ ಬಲವಾದ ಆಧಾರಗಳಿವೆ. ಇಂಗ್ಲೆಂಡಿನ ಜಾನ್ ರಸ್ಕಿನ್ ಎಂಬ ವಿಮರ್ಶಕನು 1849ರಲ್ಲಿ ಪ್ರಕಟಿಸಿದ ವಾಸ್ತುವಿಚಾರದ ಗ್ರಂಥದಲ್ಲಿ, ಜೀರ್ಣೋದ್ಧಾರವೆಂಬುದು ಆದಿಯಿಂದ ಅಂತ್ಯದವರೆಗೆ ಅನೃತವೆಂದೇ ವಾದಿಸಿದ್ದನು. ಹಿಂದಿನ ಶಿಲ್ಪಿಯ ಕೈಯೂ ಮನಸ್ಸೂ ಒಂದು ಸಲ ಹೋದಮೇಲೆ ಬರುವುದಿಲ್ಲ. ಅವನ ಕೆಲಸದ ಆಕಾರವನ್ನು ಅನುಕರಿಸಿದವನು ಶವಕ್ಕೆ ಅಲಂಕಾರ ಮಾಡಿದವನಂತೆಯೇ ಸರಿ ಎಂಬುದು ಅವನ ಪಕ್ಷದವರ ಅಭಿಪ್ರಾಯ. 1964ರಲ್ಲಿ ವೆನಿಸ್ ನಗರದಲ್ಲಿ ಕೂಡಿದ ತಜ್ಞರೂ ಪಾಳುಬಿದ್ದ ಸ್ಮಾರಕಗಳ ವಿಷಯದಲ್ಲಿ ಇದೇ ಜಾಡನ್ನು ಹಿಡಿದರು. ಕಳಚಿಬಿದ್ದ ಮೂಲದ ಕಲ್ಲುಗಳನ್ನು ಅವುಗಳ ಸ್ಥಾನದಲ್ಲಿ ಕೂಡಿಸಬಹುದು, ಹೊಸದಾಗಿ ಕಟ್ಟಿ ಹಳೆಯದೆನ್ನುವುದು ಸಲ್ಲದು ಎಂಬುದು ಅವರು ಅಂಗೀಕರಿಸಿದ ನಿಯಮದ ತಾತ್ಪರ್ಯ. ವಾರ್ಸಾದಲ್ಲಿ ಸ್ಮಾರಕರಕ್ಷಣೆಯ ಹೊಣೆ ಹೊತ್ತಿದ್ದ ಯಾನ್ ಜಖ್ವಾತೊವಿಚ್ ಎಂಬ ವಾಸ್ತುಶಾಸ್ತ್ರಜ್ಞನಿಗೆ ಈ ಬಗೆಯ ಸಿದ್ಧಾಂತ ತಿಳಿಯದುದಲ್ಲ. ಆದರೆ ಕಾಲವು ಸವೆಸಿದ ಕಟ್ಟಡ ಬೇರೆ, ಒಂದು ಜನಾಂಗವನ್ನು ಅಳಿಸುವುದಕ್ಕಾಗಿಯೇ ಶತ್ರುವು ಸಿಡಿಸಿದ ಕಟ್ಟಡ ಬೇರೆ ಎಂಬುದು ಅವನ ವಾದವಾಗಿತ್ತು. ಎರಡನೆಯದನ್ನು ಬಿದ್ದಲ್ಲೇ ಬಿಟ್ಟರೆ ಶತ್ರುವಿನ ಸಂಕಲ್ಪಕ್ಕೆ ತಾನೇ ಮುದ್ರೆಯೊತ್ತಿದಂತೆ ಆಗುತ್ತದೆಯಷ್ಟೆ.

ಈ ವಿವಾದದ ಬೇರು ಬಹಳ ಆಳವಾದುದು. ಭಾರತೀಯ ದಾರ್ಶನಿಕರು ಇದನ್ನೇ ಪ್ರತ್ಯಭಿಜ್ಞೆಯ ವಿಚಾರದಲ್ಲಿ ಚರ್ಚಿಸಿದರು. ಹಿಂದೆ ಒಂದೂರಿನಲ್ಲಿ ಕಂಡ ದೇವದತ್ತನನ್ನು ಇಂದು ಬೇರೊಂದೂರಿನಲ್ಲಿ ಕಂಡು, ಅವನೇ ಇವನೆಂದು ಗುರುತಿಸುವುದು ಹೇಗೆ? ದೇಶವೂ ಕಾಲವೂ ವಯಸ್ಸೂ ಬೇರೆಯಾಗಿವೆ. ಆದರೂ ಅಭೇದದ ಅರಿವು ಹುಟ್ಟುತ್ತದೆ. ಬೌದ್ಧರು ಇದಕ್ಕೆ ದೀಪದ ಕುಡಿಯನ್ನು ದೃಷ್ಟಾಂತ ಕೊಟ್ಟರು. ಸಂಜೆ ಹಚ್ಚಿದ ದೀಪ ನಡುರಾತ್ರಿಯಲ್ಲಿಯೂ ಅದೇ ದೀಪವೆನ್ನುತ್ತಾರೆ. ವಾಸ್ತವದಲ್ಲಿ ಕ್ಷಣಕ್ಷಣಕ್ಕೂ ಒಂದು ಜ್ವಾಲೆ ನಂದಿ ಮತ್ತೊಂದು ಹುಟ್ಟುತ್ತಿರುತ್ತದೆ, ಸಾದೃಶ್ಯದಿಂದ ಮಾತ್ರವೇ ಒಂದೆಂಬ ಭ್ರಾಂತಿ. ಇದಕ್ಕೆ ವೇದಾಂತಿಗಳು ಕೊಟ್ಟ ಉತ್ತರವೂ ಪ್ರಸಿದ್ಧವಾಗಿದೆ: ಜ್ವಾಲೆಗಳು ಬೇರೆಬೇರೆಯಾಗಿರಲಿ, ಅಂದು ನೋಡಿದವನೂ ಇಂದು ನೋಡುವವನೂ ಒಬ್ಬನೇ ಆಗದಿದ್ದರೆ ಸಾದೃಶ್ಯವನ್ನಾದರೂ ಅರಿಯುವವರು ಯಾರು?

ವಾರ್ಸಾದ ವಿಷಯದಲ್ಲಿ ಈ ಮಾತನ್ನು ಹೊಂದಿಸಿ ನೋಡಬಹುದು. ಗೋಡೆ ಅದೇ ಅಲ್ಲ, ಇಟ್ಟಿಗೆ ಅದೇ ಅಲ್ಲ. ಆದರೆ ಸುಟ್ಟುಹೋದ ಬೀದಿಗೆ ಹಿಂದಿರುಗಿದವರು, ಇದ್ದ ಮನೆ ಎಲ್ಲಿತ್ತು, ಬಾಗಿಲು ಯಾವ ಕಡೆಗಿತ್ತು ಎಂಬುದನ್ನು ಬಲ್ಲವರಾಗಿದ್ದರು. ಅವರು ಕಟ್ಟಿಸಿ, ಅವರೇ ಗುರುತಿಸಿ, ಇದು ಅದೇ ಊರೆಂದು ಹೇಳಿದರು. ಅಭೇದದ ಆಧಾರವು ಇಟ್ಟಿಗೆಯಲ್ಲಿರಲಿಲ್ಲ, ಗುರುತಿಸಿದವರಲ್ಲಿತ್ತು.

ದೇವಾಲಯಗಳ ಜೀರ್ಣೋದ್ಧಾರದ ಪದ್ಧತಿಯಲ್ಲಿಯೂ ಈ ತತ್ತ್ವವೇ ಅಡಗಿದೆ. ಗರ್ಭಗುಡಿಯನ್ನು ಬಿಚ್ಚಿ ಕಟ್ಟಬೇಕಾದಾಗ ಮೂರ್ತಿಯಲ್ಲಿರುವ ಕಲೆಯನ್ನು ಮೊದಲು ಕುಂಭಕ್ಕೆ ಆವಾಹಿಸಿ, ಬಾಲಾಲಯವೆಂಬ ಚಿಕ್ಕ ಗುಡಿಯಲ್ಲಿ ಪೂಜೆಯನ್ನು ಬಿಡದೆ ನಡೆಸುತ್ತಾರೆ. ಕೆಲಸ ಮುಗಿದಮೇಲೆ ಕುಂಭದಿಂದ ಮರಳಿ ಮೂರ್ತಿಯಲ್ಲಿ ಪ್ರತಿಷ್ಠೆಯಾಗುತ್ತದೆ. ಕಲ್ಲು ಬದಲಾಗಬಹುದು, ಪೂಜೆ ನಿಲ್ಲಬಾರದು ಎಂಬುದೇ ಇದರ ಸಾರ. ವಾರ್ಸಾಕ್ಕೂ ಅಂತಹ ಒಂದು ಕುಂಭವಿತ್ತು. ಅಲ್ಲಿಯ ತಾಂತ್ರಿಕ ವಿದ್ಯಾಶಾಲೆಯ ವಾಸ್ತುವಿಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ಯುದ್ಧಕ್ಕೆ ಮೊದಲೂ ಯುದ್ಧಕಾಲದಲ್ಲಿ ಗುಟ್ಟಾಗಿಯೂ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆಗಳನ್ನು ಬರೆದಿಟ್ಟಿದ್ದರು. ನಗರವು ನಾಶವಾಗುತ್ತಿದ್ದಾಗ ಅವುಗಳನ್ನು ಹೊರಕ್ಕೆ ಸಾಗಿಸಿ, ಪ್ಯೋತ್ರ್ಕೂವ್ ಎಂಬ ಊರಿನ ಸನ್ಯಾಸಿಮಠದ ಸಮಾಧಿಗಳಲ್ಲಿ ಅಡಗಿಸಿದರು. ಹೀಗೆ ಸತ್ತವರ ನೆಲೆಯಲ್ಲಿ ಒಂದು ನಗರದ ಜೀವ ಕಾದುಕೊಂಡಿತ್ತು. ಹದಿನೆಂಟನೆಯ ಶತಮಾನದಲ್ಲಿ ಬೆರ್ನಾರ್ದೊ ಬೆಲ್ಲೊತ್ತೊ ಎಂಬ ವೆನಿಸ್ಸಿನ ಚಿತ್ರಕಾರನು ಅಲ್ಲಿಯ ದೊರೆಗಾಗಿ ಬರೆದ ನಗರದ ಚಿತ್ರಗಳೂ ಉಳಿದುಬಂದು, ಕಟ್ಟುವವರಿಗೆ ಸಾಕ್ಷಿ ಹೇಳಿದವು.

ಆದರೆ ಇಷ್ಟಕ್ಕೇ ತೀರ್ಪು ಕೊಡುವುದು ಆತುರವಾದೀತು. ಸತ್ಯಕ್ಕೆ ಕಟ್ಟುವವನ ಶ್ರದ್ಧೆಯೊಂದೇ ಸಾಲದು. ಕಟ್ಟಿದವರು ಇದ್ದುದನ್ನು ಇದ್ದಂತೆಯೇ ಕಟ್ಟಲಿಲ್ಲ. ಯುದ್ಧಕ್ಕೆ ಮೊದಲು ಆ ಹಳೆಯ ಪೇಟೆ ಬಡವರು ಕಿಕ್ಕಿರಿದ ಕೇರಿಯಾಗಿತ್ತು. ಮನೆಗಳ ಹಿಂದೆ ಒತ್ತೊತ್ತಾಗಿ ಎದ್ದಿದ್ದ ವಠಾರಗಳನ್ನು ಬಿಟ್ಟು, ಬೀದಿಯ ಮುಖಗಳಿಗೆ ಹಿಂದಿನ ಶತಮಾನಗಳ ಅಂದವನ್ನು ಕೊಟ್ಟು, ಒಳಗೆ ಹೊಸಕಾಲದ ಮನೆಗಳನ್ನು ಮಾಡಿದರು. ಬೆಲ್ಲೊತ್ತೊ ತನ್ನ ಚಿತ್ರಗಳಲ್ಲಿ ಅಲ್ಲಲ್ಲಿ ಸೌಂದರ್ಯಕ್ಕಾಗಿ ವಿವರಗಳನ್ನು ತಿದ್ದಿದ್ದನಾದ್ದರಿಂದ, ಚಿತ್ರವನ್ನು ನಂಬಿ ಕಟ್ಟಿದಲ್ಲಿ ಕಲ್ಪನೆಯೂ ಕಲ್ಲಾಗಿ ನಿಂತಿತು. ಇಟ್ಟಿಗೆ ಸಾಲದೆ ಬಂದಾಗ, ಜರ್ಮನರಿಂದ ಪೋಲೆಂಡಿಗೆ ಸೇರಿದ ವ್ರೊತ್ಸ್ವಾವ್ ಮುಂತಾದ ಪಟ್ಟಣಗಳ ಹಾಳುಗೋಡೆಗಳನ್ನು ಕಿತ್ತು ರೈಲಿನಲ್ಲಿ ತಂದರು; ಆ ಪಟ್ಟಣಗಳಲ್ಲಿ ಉಳಿಸಬಹುದಾಗಿದ್ದ ಹಳೆಯ ಕಟ್ಟಡಗಳೂ ಅದರಲ್ಲಿ ಹೋದವು. ಒಂದು ನಗರದ ಉದ್ಧಾರಕ್ಕೆ ಇನ್ನೊಂದು ನಗರದ ಅವಶೇಷ ಆಹುತಿಯಾಯಿತು. ನೆನಪೆಂಬುದು ಹೀಗೆ ಆರಿಸಿಕೊಳ್ಳುತ್ತದೆ. ತನಗೆ ಬೇಕಾದುದನ್ನು ಹೊಳೆಯಿಸಿ, ಬೇಡವಾದುದನ್ನು ನೆರಳಿಗೆ ತಳ್ಳುತ್ತದೆ.

ಈ ದೋಷಕ್ಕೆ ವಾರ್ಸಾದಲ್ಲಿಯೇ ಒಂದು ಪರಿಹಾರವೂ ಕಾಣುತ್ತದೆ. ಸಿಗಿಸ್ಮಂಡ್ ದೊರೆಯ ಕಂಚಿನ ಪ್ರತಿಮೆ ಮೂಲದ್ದು. ಆದರೆ ಅದನ್ನು ಹೊತ್ತ ಕಂಬ ಮೂರನೆಯದು. ಮೊದಲನೆಯ ಕಂಬ ಶಿಥಿಲವಾಗಿ 1887ರಲ್ಲಿ ಬದಲಾಯಿತು. ಎರಡನೆಯದನ್ನು 1944ರ ಸೆಪ್ಟೆಂಬರಿನಲ್ಲಿ ಜರ್ಮನರು ಉರುಳಿಸಿದರು. ಈಗಿನದು 1949ರಲ್ಲಿ ನಿಂತದ್ದು. ಆ ಹಳೆಯ ಎರಡು ಕಂಬಗಳ ತುಂಡುಗಳನ್ನು ಎಲ್ಲಿಯೋ ಬಚ್ಚಿಡದೆ ಅರಮನೆಯ ಪಕ್ಕದ ಹುಲ್ಲಿನ ಮೇಲೆ ಮಲಗಿಸಿದ್ದಾರೆ. ನಿಂತುದು ಹೊಸದು, ಬಿದ್ದುದು ಇಲ್ಲಿದೆ ಎಂದು ಆ ಕಲ್ಲುಗಳೇ ಸಾರುತ್ತವೆ. ಅರಮನೆಯ ಗೋಡೆಗಳಲ್ಲಿ ಬೂದಿಯೊಳಗಿಂದ ಆಯ್ದ ಮೂಲದ ಕೆತ್ತನೆಯ ಚೂರುಗಳನ್ನು ಹೊಸ ಕೆಲಸದ ನಡುವೆ ಕೂಡಿಸಿದ್ದಾರೆ. ಅದರ ಗೋಪುರದ ಗಡಿಯಾರವು 1939ರ ಸೆಪ್ಟೆಂಬರ್ 17ರಂದು ಹನ್ನೊಂದೂಕಾಲು ಗಂಟೆಗೆ ಉರಿಯಲ್ಲಿ ನಿಂತುಹೋಯಿತು; 1974ರಲ್ಲಿ ಹೊಸ ಗಡಿಯಾರವನ್ನು ಅದೇ ಗಳಿಗೆಯಿಂದಲೇ ನಡೆಯಹಚ್ಚಿದರು. ನಡುವೆ ಕಾಲ ಮುರಿಯಲೇ ಇಲ್ಲವೆಂದು ನಟಿಸಿದವರಿಗೆ ಆ ಗಳಿಗೆಯನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಇದರ ಪಕ್ಕದಲ್ಲಿ ಇನ್ನೂ ತೀರದ ಒಂದು ಚರ್ಚೆಯುಂಟು. ನಗರದ ಸ್ಯಾಕ್ಸನ್ ಅರಮನೆಯನ್ನು ಜರ್ಮನರು 1944ರ ಕೊನೆಗೆ ಸಿಡಿಸಿದಾಗ ಕಮಾನುಗಳ ಒಂದು ಚೂರು ಮಾತ್ರ ಉಳಿಯಿತು. ಅದರ ಕೆಳಗೆ, 1925ರಿಂದ ಅಲ್ಲಿದ್ದ ಅಜ್ಞಾತ ಸೈನಿಕನ ಸಮಾಧಿಯ ಮುಂದೆ ಇಂದಿಗೂ ಕಾವಲಿದೆ. ಈ ಅರಮನೆಯನ್ನೂ ಮರಳಿ ಕಟ್ಟಬೇಕೆಂದು 2021ರಲ್ಲಿ ಕಾನೂನಾಯಿತು. ಕಟ್ಟುವುದು ತಪ್ಪೆಂದು ಹೇಳಲಾಗದು. ಆದರೆ ಮುರಿದ ಕಮಾನುಗಳು ಬಯಲಿನಲ್ಲಿ ಒಂಟಿಯಾಗಿ ನಿಂತು ಹೇಳುವ ಮಾತನ್ನು ಪೂರ್ಣವಾದ ಅರಮನೆಯ ಮುಖಮಂಟಪವಾಗಿ ಹೇಳಲಾರವು. ಗಾಯವನ್ನು ಮಾಗಿಸುವುದು ವೈದ್ಯನ ಧರ್ಮ, ಗಾಯವೇ ಆಗಿರಲಿಲ್ಲವೆನ್ನುವುದು ಅವನ ಧರ್ಮವಲ್ಲ. ಕಟ್ಟುವವರು ಮಾಗಿದ ಕಲೆಯನ್ನು ಕಾಣುವಂತೆ ಉಳಿಸಿದರೆ ಆ ಕಟ್ಟಡ ಸತ್ಯವಾಗುತ್ತದೆ.

ಈ ಪ್ರಶ್ನೆಯ ಅತಿ ಕಠಿಣವಾದ ಭಾಗ ಪೇಟೆಚೌಕದಲ್ಲಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದ ಮುರಾನೂವ್ ಎಂಬ ಕೇರಿಯಲ್ಲಿದೆ. ಯುದ್ಧಕ್ಕೆ ಮೊದಲು ವಾರ್ಸಾದ ಜನರಲ್ಲಿ ಹೆಚ್ಚುಕಡಮೆ ಮೂರರಲ್ಲಿ ಒಬ್ಬರು ಯೆಹೂದ್ಯರು. ಜರ್ಮನರು 1940ರ ನವೆಂಬರಿನಲ್ಲಿ ಅವರನ್ನು ಗೋಡೆಯ ಒಳಗೆ ಕೂಡಿಹಾಕಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆ ಇಕ್ಕಟ್ಟಿನಲ್ಲಿ ಹಸಿವಿಗೂ ರೋಗಕ್ಕೂ ತುತ್ತಾಗುತ್ತಿದ್ದರು. 1942ರ ಬೇಸಗೆಯಲ್ಲಿ ಅವರಲ್ಲಿ ಬಹುಭಾಗವನ್ನು ರೈಲುಗಳಲ್ಲಿ ತುಂಬಿ ತ್ರೆಬ್ಲಿಂಕಾ ಎಂಬಲ್ಲಿಗೆ ಒಯ್ದು ಕೊಂದರು. ಉಳಿದವರು 1943ರ ಏಪ್ರಿಲ್ 19ರಿಂದ ಕೈಗೆ ಸಿಕ್ಕ ಆಯುಧಗಳಿಂದ ಹೋರಾಡಿದರು. ಮೇ 16ರಂದು ಮಹಾ ಸಿನಗಾಗನ್ನು ಸಿಡಿಸಿ, ಆ ಕೇರಿಯನ್ನು ನೆಲಸಮ ಮಾಡಿದರು.

ಈ ಕೇರಿಯನ್ನು ಯಾರೂ ಮೊದಲಿನಂತೆ ಮರಳಿ ಕಟ್ಟಲಿಲ್ಲ. ಸಾಗಿಸಲಾಗದಷ್ಟು ರಾಶಿಬಿದ್ದ ಇಟ್ಟಿಗೆಯ ದಿಬ್ಬಗಳ ಮೇಲೆ, ಆ ಇಟ್ಟಿಗೆಯ ಪುಡಿಯನ್ನೇ ಬೆರೆಸಿ, ಹೊಸ ವಸತಿಗಳನ್ನು ಎಬ್ಬಿಸಿದರು. ಇಂದಿಗೂ ಅಲ್ಲಿಯ ಕೆಲವು ಮನೆಗಳು ಬೀದಿಗಿಂತ ಎತ್ತರದಲ್ಲಿವೆ. ಮೆಟ್ಟಲು ಹತ್ತಿ ಮನೆಗೆ ಹೋಗುವವನು ಹಿಂದಿನವರ ಮನೆಗಳನ್ನು ತುಳಿದು ಹತ್ತುತ್ತಾನೆ. ಅಲ್ಲಿಯೂ ಒಂದು ಕುಂಭವಿತ್ತು. ಚರಿತ್ರಕಾರನಾದ ಇಮ್ಮಾನುಯೆಲ್ ರಿಂಗೆಲ್‌ಬ್ಲೂಮನೂ ಅವನ ಸಂಗಡಿಗರೂ ಗೋಡೆಯೊಳಗಿನ ಬಾಳನ್ನು ಕುರಿತ ಬರಹಗಳನ್ನೂ ಪ್ರಕಟನೆಗಳನ್ನೂ ಚಿತ್ರಗಳನ್ನೂ ಕೂಡಿಹಾಕಿ, ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ಇಟ್ಟು ನೆಲದಲ್ಲಿ ಹೂತಿದ್ದರು. ಒಂದು ಭಾಗ 1946ರಲ್ಲಿಯೂ ಇನ್ನೊಂದು 1950ರಲ್ಲಿಯೂ ಸಿಕ್ಕಿದವು. ರಿಂಗೆಲ್‌ಬ್ಲೂಮನನ್ನು 1944ರಲ್ಲಿಯೇ ಕೊಂದಿದ್ದರು.

ಈ ಎರಡು ಹೂಳಿಕೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಯೋಚಿಸಿದಾಗ ಜೀರ್ಣೋದ್ಧಾರದ ತತ್ತ್ವ ನಿಚ್ಚಳವಾಗುತ್ತದೆ. ಸಮಾಧಿಯಲ್ಲಿ ಅಡಗಿಸಿದ ನಕ್ಷೆಗಳಿಂದ ಒಂದು ಪೇಟೆ ಮತ್ತೆ ಎದ್ದಿತು. ಏಕೆಂದರೆ ಅವುಗಳನ್ನು ಬಿಚ್ಚಿ ನೋಡಿ, ಇದು ತಮ್ಮ ಬೀದಿಯೆನ್ನುವವರು ಉಳಿದಿದ್ದರು. ಹಾಲಿನ ಕ್ಯಾನುಗಳಲ್ಲಿ ಇದ್ದುದು ಮನೆಗಳ ನಕ್ಷೆಯಲ್ಲ, ಮನೆಯವರ ಮಾತು. ಅದನ್ನು ಓದಬಹುದು, ಅಳಬಹುದು. ಅದರಿಂದ ಮನೆಯವರನ್ನು ಎಬ್ಬಿಸಲಾಗದು. ಪೂಜೆ ನಡೆಸುವವರೇ ಇಲ್ಲವಾದಲ್ಲಿ ಗುಡಿಯನ್ನು ಎಷ್ಟು ಅಂದವಾಗಿ ಕಟ್ಟಿದರೂ ಪ್ರತಿಷ್ಠೆಯಾಗುವುದಿಲ್ಲ. ಆ ಸ್ಥಳದಲ್ಲಿ ಕೃತಕವಾದ ಹಳೆಯ ಬೀದಿಯನ್ನು ಎಬ್ಬಿಸಿದ್ದರೆ ಅದು ನಿಜವಾಗಿಯೂ ಅನೃತವಾಗುತ್ತಿತ್ತು. ಅಲ್ಲಿ ಸತ್ಯಕ್ಕೆ ತಕ್ಕುದು ಗುರುತು. ಹಳೆಯ ಗೋಡೆ ಹಾದುಹೋಗಿದ್ದ ಕಡೆಗಳಲ್ಲಿ ಈಗಿನ ಕಾಲುದಾರಿಯ ಮೇಲೆ ಲೋಹದ ಪಟ್ಟಿಯನ್ನು ಹಾಸಿ ವರ್ಷಗಳನ್ನು ಬರೆದಿದ್ದಾರೆ. 1948ರಲ್ಲಿ ಅಲ್ಲಿಯ ವೀರರ ಸ್ಮಾರಕವೆದ್ದಿತು. 1970ರ ಡಿಸೆಂಬರ್ 7ರಂದು ಜರ್ಮನಿಯ ಪ್ರಧಾನಿ ವಿಲ್ಲಿ ಬ್ರಾಂಟನು ಅದರ ಮುಂದೆ ಮಾತಿಲ್ಲದೆ ಮಂಡಿಯೂರಿದನು. ಆ ಸ್ಮಾರಕದ ಎದುರಿಗೇ 2013ರಲ್ಲಿ ಪೋಲೆಂಡಿನ ಯೆಹೂದ್ಯರ ಸಾವಿರ ವರ್ಷದ ಬಾಳನ್ನು ಹೇಳುವ ವಸ್ತುಸಂಗ್ರಹಾಲಯವು ತೆರೆಯಿತು.

ಆದ್ದರಿಂದ ಮರಳಿ ಕಟ್ಟಿದ ನಗರವು ಸುಳ್ಳೆಂಬ ರಸ್ಕಿನ್ನನ ಪಕ್ಷವೂ, ಮರಳಿ ಕಟ್ಟಿದೊಡನೆ ಕಳೆದುದೆಲ್ಲ ಬಂದಿತೆಂಬ ಹಿಗ್ಗೂ, ಎರಡೂ ಅರ್ಧಸತ್ಯಗಳು. ಗುರುತಿಸುವವರು ಉಳಿದಿದ್ದು, ಬಿದ್ದುದನ್ನು ಬಿದ್ದುದೆಂದೇ ಒಪ್ಪಿ ಕಟ್ಟಿದಲ್ಲಿ ಜೀರ್ಣೋದ್ಧಾರವು ಸತ್ಯ. ಗುರುತಿಸುವವರನ್ನು ಕಳೆದುಕೊಂಡಲ್ಲಿ ಬರಿಯ ನೆಲವೇ ಸತ್ಯ. ವಿಶ್ವದ ಪರಂಪರೆಯ ಪಟ್ಟಿಯಲ್ಲಿ ಆ ಹಳೆಯ ಪೇಟೆಗೆ 1980ರಲ್ಲಿ ಸ್ಥಾನ ಕೊಟ್ಟಾಗಲೂ, ಅದು ಪುರಾತನವೆಂದು ಕೊಡಲಿಲ್ಲ. ಹೆಚ್ಚುಕಡಮೆ ಪೂರ್ಣವಾಗಿ ಪುನರ್ನಿರ್ಮಿತವಾದ ನಗರಭಾಗಕ್ಕೆ ಅಸಾಧಾರಣ ನಿದರ್ಶನವೆಂದೇ ಕೊಟ್ಟರು. ಅದು ನ್ಯಾಯವಾದ ಹೆಸರು.

ಉಳಿದುದು ನೋಡುವವನ ಧರ್ಮ. ಯುದ್ಧಕ್ಕೆ ಮೊದಲಿನ ಊರನ್ನು ಕಣ್ಣಾರೆ ಕಂಡು, ಅದೇ ಇದೆಂದು ಹೇಳಬಲ್ಲವರ ಸಂಖ್ಯೆ ವರ್ಷವರ್ಷಕ್ಕೂ ಕ್ಷೀಣಿಸುತ್ತಿದೆ. ಅವರು ಹೋದಮೇಲೆ ಆ ಪ್ರತ್ಯಭಿಜ್ಞೆಗೆ ಆಧಾರವಾಗಬೇಕಾದವರು ಅಲ್ಲಿಯ ಮಕ್ಕಳೂ ದೂರದಿಂದ ಬರುವ ಯಾತ್ರಿಕರೂ. ಪೇಟೆಚೌಕದ ಬಣ್ಣಗಳನ್ನೂ ಉದ್ಯಾನದ ಸಂಗೀತವನ್ನೂ ಸವಿದು ಹಿಂದಿರುಗುವವನು ತಪ್ಪು ಮಾಡಿದನೆನ್ನಲಾಗದು. ಆ ಸಂತೋಷವನ್ನು ಕೊಡುವುದಕ್ಕಾಗಿಯೇ ಅಷ್ಟು ಜನ ಅಷ್ಟು ಕಷ್ಟದಿಂದ ಅದನ್ನು ಕಟ್ಟಿದರು. ಆದರೆ ಅರ್ಧ ಗಳಿಗೆ ಹೆಚ್ಚಾಗಿ ನಡೆದು, ಹುಲ್ಲಿನ ಮೇಲೆ ಮಲಗಿರುವ ಕಂಬವನ್ನೂ ಕಾಲುದಾರಿಯ ಮೇಲಿನ ಆ ಪಟ್ಟಿಯನ್ನೂ ನೋಡಿದವನಿಗೆ ಮಾತ್ರ ಆ ನಗರ ಪೂರ್ತಿಯಾಗಿ ಕಾಣುತ್ತದೆ. ಒಂದು ಊರಿನಲ್ಲಿ ಇರುವುದನ್ನು ನೋಡುವುದಕ್ಕೆ ಕಣ್ಣು ಸಾಕು. ಇಲ್ಲದಿರುವುದನ್ನು ನೋಡುವುದಕ್ಕೆ ಸ್ಮೃತಿ ಬೇಕು. ಆ ಸ್ಮೃತಿಯನ್ನು ಹೊತ್ತು ಮನೆಗೆ ಮರಳಿದವನಿಗೆ ತಾನು ಮೋಸಹೋದೆನೆಂಬ ವ್ಯಥೆ ಇರುವುದಿಲ್ಲ. ತಾನು ನೋಡಿದುದಕ್ಕೆ ತಾನೂ ಒಬ್ಬ ಸಾಕ್ಷಿಯೆಂಬ ಹೊಣೆ ಇರುತ್ತದೆ.